ನೊರೆಯ ಮೇಲೆ ಗುಮಾನಿ

ಚಿಂತಾಮಣಿಯಲ್ಲಿ ಯಾರೂ ಕಂಡು ಕೇಳರಿಯದ ಮೀನಿನ ಅರಮನೆಯೊಂದನ್ನು ನನ್ನ ನಡುಮನೆಯಲ್ಲಿ ಕಟ್ಟಿಸಿಯೇ ತೀರುತ್ತೇನೆಂದು ನಾನು ಶಪಥ ತೊಟ್ಟೆ! ಅದು ಅರವತ್ತೆರಡನೆಯ ಇಸವಿ. ಉಪಾಧ್ಯಾಯರ ಸಮ್ಮೇಳನಕ್ಕೆಂದು ಬೆಂಗಳೂರಿಗೆ ಹೋಗಿದ್ದವನು ಭಾಷಣಗಳಿಂದ ತಪ್ಪಿಸಿಕೊಂಡು ಪೇಟೆ ಸುತ್ತುವಾಗ ಅಂಗಡಿಯೊಂದರಲ್ಲಿ ಆ ಮೀನು ಕಣ್ಣಿಗೆ ಬಿತ್ತು. ಹೆಬ್ಬೆರಳುದ್ದದ ಮೈ, ನವಿಲುಗತ್ತಿನ ನೀಲಿ, ನೆಲ ಗುಡಿಸುವ ಸೆರಗಿನಂಥ ಬಾಲ. ಹೆಸರು ಮಾತ್ರ ಫೈಟರ್!

"ಇದು ಗಂಡು ಸ್ವಾಮಿ. ಜೊತೆಗೆ ಇನ್ನೊಂದು ಗಂಡು ಬಿಟ್ರೆ ಎರಡರಲ್ಲೊಂದು ಹೆಣ ಬೀಳುತ್ತೆ. ಒಂದೇ ಸಾಕಿ" ಎಂದ ಅಂಗಡಿಯವನು. "ಬಾಟ್ಲಿನಲ್ಲಿಟ್ರೆ ಬದುಕುತ್ತೆ, ಬಾಳಲ್ಲ. ಎರಡು ಕೊಡ ನೀರು ಹಿಡಿಯೋ ತೊಟ್ಟಿ ಮಾಡಿಸಿ. ಮುಚ್ಚಳ ಮರೀಬೇಡಿ, ಹಾರುತ್ತೆ."

ಮೀನನ್ನು ಕೊಂಡು ಬಾಟ್ಲಿಯಲ್ಲೇ ಊರಿಗೆ ತಂದವನು, ತಗಡಿನ ಕೆಲಸದ ಮುನಿಗಂಗಪ್ಪನ ಹತ್ತಿರ ಹೋಗಿ ನಕ್ಷೆ ಬಿಡಿಸಿ ತೋರಿಸಿದೆ. ನಾಲ್ಕು ಕಡೆ ಕಿಟಕಿ ಗಾಜು, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಸಂದಿಗೆ ಪುಟ್ಟಿ, ಮೇಲೆ ಜಾಲರಿಯ ಮುಚ್ಚಳ.

"ಮೇಷ್ಟ್ರೇ, ಮಿಠಾಯಿ ಅಂಗಡಿ ಇಡ್ತಿದೀರಾ?"

"ಮೀನಿಗೆ ಕಣಯ್ಯಾ!"

"ಒಂದು ಮೀನಿಗಾ? ನಮ್ಮನೇಲಿ ಆರು ಜನಕ್ಕೆ ಇಷ್ಟು ಗಾಜಿಲ್ಲ!"

ಮೊದಲ ದಿನ ತೊಟ್ಟಿ ಸೋರಿ, ತಿದ್ದಲು ತಂದಿದ್ದ ಎಂಟನೇ ತರಗತಿಯ ಉತ್ತರಪತ್ರಿಕೆಗಳೆಲ್ಲ ತೇಲಿದವು. ಮತ್ತೆ ಪುಟ್ಟಿ ಮೆತ್ತಿಸಿ, ತೊಳೆದ ಮರಳು ಹಾಸಿ, ಕೆರೆಯಿಂದ ನೀರುಗಿಡ ತಂದು ನೆಟ್ಟು, ಅಡಗಿಕೊಳ್ಳಲು ಒಡೆದ ಮಡಕೆಯ ತುಂಡೊಂದನ್ನು ಮಗುಚಿಟ್ಟು, ಎರಡು ದಿನ ಇಟ್ಟ ಬಾವಿನೀರನ್ನು ತುಂಬಿದೆ. ಎಳೆಬಿಸಿಲು ತಾಕುವ ಕಡೆಯೇ ಜಾಗ. ಮೀನು ಅದರಲ್ಲಿ ಒಂದು ಸುತ್ತು ಹಾಕಿದ ಠೀವಿ ಕಂಡು ನಾನೇ ಪಟ್ಟಕ್ಕೆ ಬಂದಷ್ಟು ಉಬ್ಬಿದೆ.

ಮೂರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ನೀರಿನ ಮೇಲೆ ಒಂದು ಮೂಲೆಯಲ್ಲಿ ನೊರೆ! ಬಿಳಿ ನೊರೆ, ಸಣ್ಣ ಸಣ್ಣ ಗುಳ್ಳೆ, ಅಂಗೈಯಗಲ!

ಇಲ್ಲಿ ನನ್ನ ಸ್ವಭಾವವನ್ನು ಒಪ್ಪಿಕೊಳ್ಳಬೇಕು. ಪರೀಕ್ಷೆಯಲ್ಲಿ ಚೀಟಿ ಹಿಡಿಯುವುದರಲ್ಲಿ ತಾಲ್ಲೂಕಿಗೇ ನಾನು ಹೆಸರುವಾಸಿ. ತಲೆ ಕೆರೆದುಕೊಂಡ ಹುಡುಗನ ತಲೆಗೂದಲನ್ನೇ ತಡಕಿ ಚೀಟಿ ತೆಗೆದವನು ನಾನು! ನೊರೆ ಎಂದರೆ ಸೋಪು. ಸೋಪು ತಾನಾಗಿ ನಡೆದು ಬರುವುದಿಲ್ಲ. ಅಂದಮೇಲೆ ಯಾರದೋ ಕೈವಾಡ! ಮನೆಯಲ್ಲಿದ್ದವರು ಮೂವರು. ನಾನು, ನನ್ನ ಹೆಂಡತಿ ಅನಸೂಯ, ಮತ್ತು ಅವಳ ತಾಯಿ ಚಿಕ್ಕಮುನಿಯಮ್ಮ. ಅತ್ತೆಯವರದು ಕೆಂಚಾರ್ಲಹಳ್ಳಿ. ನಲವತ್ತು ವರ್ಷದಿಂದ ರೇಷ್ಮೆಹುಳು ಸಾಕಿದ ಕೈ. ಒಂದು ಬೆಳೆಯ ಗೂಡು ಮಾರಿ, ಮುಂದಿನ ಮೊಟ್ಟೆ ಬರುವ ತನಕ ಮಗಳ ಮನೆಯಲ್ಲಿ ಇರೋಣವೆಂದು ಬಂದಿದ್ದರು. ಮೂವರಲ್ಲಿ ನನ್ನನ್ನು ಕಳೆದರೆ ಉಳಿಯುವವರು ಇಬ್ಬರೇ.

"ಅನಸೂಯಾ, ತೊಟ್ಟಿ ಹತ್ರ ಬಟ್ಟೆ ಒಗೆದ್ಯಾ?"

"ನಡುಮನೇಲಿ ಯಾರಾದ್ರೂ ಬಟ್ಟೆ ಒಗೀತಾರೇನ್ರೀ?"

"ಕೇಳಿದ್ದಕ್ಕೆ ಉತ್ತರ ಕೊಡು!"

"ಕೊಟ್ಟೆನಲ್ಲ!"

ಕಾಫಿ ಸೋಸುವ ಜಾಲರಿಯಿಂದ ನೊರೆಯನ್ನು ಬಳಿದು ಬಿಸಾಕಿದೆ. ಮರುದಿನ ಮತ್ತೆ ನೊರೆ! ಬಳಿದೆ. ಅದರ ಮರುದಿನ ಮತ್ತೆ! ಮೈಸೋಪು, ಬಟ್ಟೆಸೋಪು, ಸೀಗೆಪುಡಿ, ಅಂಟುವಾಳ, ನೊರೆ ಬರುವ ಸಮಸ್ತ ವಸ್ತುಗಳನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದೆ. ಮನೆ ಮಂದಿಯೆಲ್ಲ ಕಡಲೆಹಿಟ್ಟಿನಲ್ಲಿ ಮೈ ತಿಕ್ಕಿಕೊಂಡೆವು. ನನ್ನ ಅಂಗಿ ಮೂರು ದಿನದಲ್ಲಿ ಕಪ್ಪುಹಲಗೆಗೆ ಸವಾಲು ಹಾಕುವಂತಾಯಿತು. ನೊರೆ ಮಾತ್ರ ತಪ್ಪದೆ ಹಾಜರಿ ಕೊಟ್ಟಿತು!

ಶೀಸೆಯೊಂದರಲ್ಲಿ ಅದನ್ನು ತುಂಬಿಕೊಂಡು ಶಾಲೆಗೆ ಒಯ್ದೆ. ವಿಜ್ಞಾನದ ಮೇಷ್ಟ್ರು ವೆಂಕಟರವಣಪ್ಪನವರು ಲಿಟ್ಮಸ್ ಕಾಗದ ಅದ್ದಿ ನೋಡಿದರು. ಕೆಂಪು ಕಾಗದ ಕೆಂಪಾಗಿಯೇ ಉಳಿಯಿತು.

"ಸೋಪೂ ಇಲ್ಲ, ಸೋಡಾನೂ ಇಲ್ಲ ಮೇಷ್ಟ್ರೇ. ಸೋಪಾಗಿದ್ರೆ ನೀಲಿಯಾಗ್ತಿತ್ತು."

ಅವರ ಹೆಂಡತಿ ಮತ್ತು ನನ್ನ ಹೆಂಡತಿ ಒಂದೇ ಬಾವಿಯಲ್ಲಿ ನೀರು ಸೇದುತ್ತಾರೆಂಬುದು ನನಗೆ ಆಗಲೇ ನೆನಪಾಯಿತು. ಥ್ಯಾಂಕ್ಸ್ ಹೇಳಿ ಶೀಸೆ ವಾಪಸು ತೆಗೆದುಕೊಂಡೆ. ಲಿಟ್ಮಸ್ ಕಾಗದವೂ ಹಳೆಯದಿದ್ದೀತು! ಸಾಲದ್ದಕ್ಕೆ ಬೆಂಗಳೂರಿನ ಅಂಗಡಿಯವನಿಗೆ ಒಂದು ಕಾರ್ಡು ಗೀಚಿ ಹಾಕಿದೆ.

ಅಂದು ಸಂಜೆ ಜಾಲರಿ ಹಿಡಿದು ತೊಟ್ಟಿಯ ಮುಂದೆ ನಿಂತಾಗ ಅತ್ತೆಯವರು ಬಾಗಿಲ ಮರೆಯಿಂದ ಹೇಳಿದರು.

"ಅಳಿಯಂದಿರೇ, ಅದನ್ನ ಕೆಡವಬೇಡಿ. ಪಾಪ, ಅದು ಗೂಡು ಕಟ್ತಾ ಐತೆ."

ನಾನು ಗಹಗಹಿಸಿ ನಕ್ಕೆ. "ಅತ್ತೇ, ಎಲ್ಲಾ ನಿಮ್ಮ ರೇಷ್ಮೆಹುಳಾನಾ? ಮೀನೆಲ್ಲಾದ್ರೂ ಗೂಡು ಕಟ್ಟುತ್ತಾ?"

"ಹುಳ ಹಣ್ಣಾದಾಗ ಹಿಂಗೇ ಒಂದು ಮೂಲೆ ಹಿಡೀತದೆ. ಮೇವು ಬೇಡ ಅಂತದೆ. ನಾನು ನೋಡಿಲ್ವಾ? ಚಂದ್ರಿಕೆ ಮೇಲಿರೋ ಹುಳನ ಕಿತ್ತು ಬಿಸಾಕಿದಂಗೆ ಮಾಡ್ತಿದೀರಲ್ಲಪ್ಪಾ. ಏಂ ಖರ್ಮವೋ!"

ಗೂಡು ಕಟ್ಟಲು ಹುಳುಗಳನ್ನು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ. ಆ ಹೊತ್ತಿನಲ್ಲಿ ಹುಳುಮನೆಗೆ ಹೊರಗಿನವರ ಕಣ್ಣು ಬೀಳಬಾರದು, ಗದ್ದಲ ಕೂಡದು ಎಂಬ ಕಟ್ಟುಪಾಡುಗಳು ಅವರಲ್ಲಿ ಬಹಳ. ನನಗೆ ಅದು ಯಾವುದೂ ಕಿವಿಗೆ ಹೋಗಲಿಲ್ಲ. ಕೇಳದೆಯೇ ಸಮಜಾಯಿಷಿ ಕೊಡುವವರನ್ನು ಹಿಡಿಯುವುದೇ ನನ್ನ ವಿದ್ಯೆ! ನಾನು ನೊರೆ ಬಳಿದೆ.

ಶನಿವಾರ ಬೆಳಿಗ್ಗೆ ಸಾಕ್ಷಿ ಸಿಕ್ಕಿತು. ತೊಟ್ಟಿಯ ಮುಚ್ಚಳದ ಮೇಲೆ ಕುಂಕುಮದ ಬೊಟ್ಟು, ಪಕ್ಕದಲ್ಲಿ ಬೇವಿನ ಕಡ್ಡಿ!

"ಇದು ಯಾರ ಕೆಲಸ?"

"ನಂದೇ" ಎಂದರು ಅತ್ತೆ. "ದೃಷ್ಟಿ ತಾಕದಿರ್ಲಿ ಅಂತ ಇಟ್ಟೆ. ನೋಡೋ ಕಣ್ಣು ಒಳ್ಳೇದಿರಲ್ಲ."

"ಅಂದರೆ ತೊಟ್ಟಿ ಹತ್ರ ಹೋಗಿದ್ರಿ!"

"ಹೋಗಿದ್ದೆ. ಕೈವಾರದ ತಾತಯ್ಯನ ಆಣೆ, ನೀರಿಗೆ ಬೆರಳು ಅದ್ದಿಲ್ಲ."

ಬೆರಳು ಅದ್ದಿಲ್ಲ ಎಂದರು. ಸೋಪು ಅದ್ದಿಲ್ಲ ಎನ್ನಲಿಲ್ಲ! ಈ ಸೂಕ್ಷ್ಮವನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಬಾಯಿ ಬಿಟ್ಟು ಹೇಳಿದೆ. ಅತ್ತೆಯವರ ಮುಖ ಸಪ್ಪಗಾಯಿತು. ಜಗಳವಾಡಲಿಲ್ಲ, ಅಳಲಿಲ್ಲ. ಗೂಟದ ಮೇಲಿದ್ದ ತಮ್ಮ ಚೀಲ ತೆಗೆದು ಸೀರೆ ಮಡಿಸಲು ಕುಳಿತರು.

"ನಾಳೆ ಮಧ್ಯಾಹ್ನದ ಬಸ್ಸಿಗೆ ನಮ್ಮಮ್ಮ ಹೋಗ್ತಾರೆ. ಅವರ ಜೊತೆ ನಾನೂ ಹೋಗ್ತೀನಿ" ಎಂದಳು ಅನಸೂಯ. "ನೀವೂ ನಿಮ್ಮ ಮೀನೂ ಆರಾಮಾಗಿರಿ. ಟ್ರಂಕಿನ ಬೀಗದ ಕೈ ನಿಮ್ಮ ಹತ್ರಾನೇ ಐತಲ್ಲ."

"ಯಾವಾಗ ಬರ್ತೀಯ?"

"ನನ್ನ ಮೇಲೆ ಗುಮಾನಿ ಹೋದಮೇಲೆ."

ಎಂಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ತಣ್ಣಗೆ ಮಾತಾಡಿದ್ದು ಅದೇ ಮೊದಲು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

ಅಷ್ಟರಲ್ಲಿ ಅಂಚೆಯವನು ಬಂದ. ಅಂಗಡಿಯವನ ಕಾರ್ಡು! ಅನಸೂಯ ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. "ಮಾನ್ಯರೇ, ಅದು ಸೋಪಿನ ನೊರೆಯಲ್ಲ, ಗೂಡು. ಹೆಣ್ಣು ಬಂದು ಮೊಟ್ಟೆಯಿಡಲೆಂದು ಗಂಡುಮೀನು ಬಾಯಿಂದ ಗುಳ್ಳೆ ಊದಿ ಕಟ್ಟಿಡುತ್ತದೆ. ಹೆಣ್ಣು ಹತ್ತಿರವಿಲ್ಲದಿದ್ದರೂ ಕಟ್ಟುತ್ತದೆ. ತೊಟ್ಟಿ ಅದಕ್ಕೆ ಒಗ್ಗಿದೆ ಎಂದು ಅರ್ಥ. ದಯವಿಟ್ಟು ಕೆಡವಬೇಡಿ."

ಓದಿ ಮುಗಿಸಿ ನನ್ನ ಮುಖ ನೋಡಿದಳು. ಆಗಲಾದರೂ ನಾನು ಸುಮ್ಮನಿದ್ದೆನೇ? ಇಲ್ಲ!

"ಮಾಲು ಮಾರಿದವನು ಮಾಲಿನ ಪರವಾಗಿ ಬರೀದೆ ಇನ್ನೇನು ಬರೀತಾನೆ? ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ!"

ಅನಸೂಯ ಕಾರ್ಡನ್ನು ತೊಟ್ಟಿಯ ಮೇಲಿಟ್ಟು ಒಳಗೆ ಹೋದಳು.

ಇನ್ನು ಉಳಿದದ್ದು ನನ್ನ ಸ್ವಂತ ಕಣ್ಣು. ಭಾನುವಾರ ಊಟವಾದ ಮೇಲೆ, ಪೇಟೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಹಿತ್ತಲಿಂದ ಬಂದು ನಡುಮನೆಯ ಮಂಚದ ಕೆಳಗೆ ತೂರಿಕೊಂಡೆ. ಅಕ್ಕ ಪಕ್ಕ ಈರುಳ್ಳಿ, ತಲೆಯ ಹತ್ತಿರ ಕುಂಬಳಕಾಯಿ, ಬೆನ್ನಿನ ಮೇಲೆ ಇರುವೆಗಳ ಮೆರವಣಿಗೆ! ಪ್ರೌಢಶಾಲಾ ಉಪಾಧ್ಯಾಯನೊಬ್ಬ ಸತ್ಯಶೋಧನೆಗಾಗಿ ಇಷ್ಟು ತಗ್ಗಿದ್ದು ಚರಿತ್ರೆಯಲ್ಲೇ ಇರಲಾರದು.

ಸ್ವಲ್ಪ ಹೊತ್ತಿಗೆ ಎರಡು ಪಾದಗಳು ಬಂದವು. ಅತ್ತೆಯವರದೇ! ತೊಟ್ಟಿಯ ಮುಂದೆ ನಿಂತವು. ನಾನು ಉಸಿರು ಬಿಗಿಹಿಡಿದು ಕತ್ತು ಹೊರಗೆ ಚಾಚಿದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕೊಡೆ. ಸೋಪು ಹಿಡಿಯಲು ಮೂರನೆಯ ಕೈ ಇರಲಿಲ್ಲ!

"ಬರ್ತೀನಿ ಕಣಪ್ಪಾ" ಎಂದರು ಮೀನಿಗೆ, ಮೆಲ್ಲಗೆ. "ಬೇಜಾರು ಮಾಡ್ಕೋಬೇಡ. ಅವರು ಕೆಡವಿದ್ರೆ ಇನ್ನೊಂದು ಸಲ ಕಟ್ಟು."

ಮೀನು ಮೇಲೆ ಬಂತು. ಒಂದು ಗುಟುಕು ಗಾಳಿ ಕುಡಿಯಿತು. ಮೂಲೆಗೆ ಹೋಗಿ ಬಾಯಿಂದ ಒಂದು ಗುಳ್ಳೆ ಬಿಟ್ಟಿತು. ಮತ್ತೆ ಬಂತು, ಮತ್ತೆ ಕುಡಿಯಿತು, ಮತ್ತೆ ಬಿಟ್ಟಿತು. ಬೆಳಿಗ್ಗೆ ನಾನು ಬಳಿದು ಹಾಕಿದ್ದ ಜಾಗದಲ್ಲೇ ಒಂದರ ಪಕ್ಕ ಒಂದಾಗಿ ಜೋಡಿಸುತ್ತಿತ್ತು! ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇಷ್ಟು ನಾಚಿಕೆ ನನಗೆ ಹುಟ್ಟಿ ಬುದ್ಧಿ ಬಂದಮೇಲೆ ಆಗಿರಲಿಲ್ಲ.

"ಅತ್ತೇ, ತಪ್ಪಾಯ್ತು!" ಎನ್ನುತ್ತ ತೆವಳಿಕೊಂಡು ಹೊರಬಂದೆ. ಮಂಚದ ಪಟ್ಟಿಗೆ ತಲೆ ಬಡಿಯಿತು.

"ಅಯ್ಯಯ್ಯೋ, ದೊಂಗ! ಕಳ್ಳ! ಅನಸೂಯಾ!" ಎಂದು ಕಿರುಚಿ ಅತ್ತೆಯವರು ಕೊಡೆಯಿಂದ ಬಾರಿಸಿದರು. ಒಂದಲ್ಲ, ಮೂರು! ಮೂರನೆಯದು ನನ್ನ ಗುರುತು ಸಿಕ್ಕಮೇಲೆ ಬಿದ್ದದ್ದು ಎಂಬ ಗುಮಾನಿ ನನಗಿದೆ. ಆದರೆ ಆ ವಿಷಯದಲ್ಲಿ ನಾನು ತನಿಖೆ ನಡೆಸಲಿಲ್ಲ.

ಅನಸೂಯ ಓಡಿ ಬಂದಳು. ಬೆನ್ನಿಗೆ ಈರುಳ್ಳಿ ಸಿಪ್ಪೆ ಅಂಟಿಸಿಕೊಂಡು ಅತ್ತೆಯ ಕಾಲಿಗೆ ಬಿದ್ದಿದ್ದ ಗಂಡನನ್ನು ನೋಡಿದಳು.

"ನೋಡಿದೆ ಕಣೇ, ಕಣ್ಣಾರೆ ನೋಡಿದೆ! ಅದೇ ಕಟ್ತಾ ಇದೆ. ನೀವು ಯಾರೂ ಏನೂ ಮಾಡಿಲ್ಲ."

"ಏಳಿ ಅಳಿಯಂದಿರೇ, ಏಳಿ. ತಲೆ ಊದ್ಕೊಂಡೈತೆ" ಎಂದು ಅತ್ತೆ ಚೀಲ ಕೆಳಗಿಟ್ಟರು. "ಬಸ್ಸು ನಾಳೇನೂ ಬರ್ತದೆ."

ನಾನು ಗೆದ್ದವನ ಹಾಗೆ ಅನಸೂಯಳ ಕಡೆ ತಿರುಗಿದೆ. "ನೋಡಿದ್ಯಾ? ಈಗ ನನಗೆ ಒಂಚೂರೂ ಗುಮಾನಿ ಇಲ್ಲ!"

ಅವಳು ತೊಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಎಲ್ಲೂ ಇಲ್ಲದ ಹೆಂಡ್ತೀನ ನಂಬ್ಕೊಂಡು ಅದು ದಿನಾ ಮನೆ ಕಟ್ತು" ಎಂದಳು. "ಮನೇಲಿರೋ ಹೆಂಡ್ತೀನ ನಂಬೋಕೆ ನೀವು ಮಂಚದ ಕೆಳಗೆ ಹೋಗ್ಬೇಕಾಯ್ತು!"