ಅಂಗೈಯಗಲದ ನೆಗ್ಗು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಂಗೈಯಗಲದ ಒಂದು ನೆಗ್ಗು.

ನೆಗ್ಗು ಇದ್ದದ್ದು ಮಾವನವರ ಓಬೀರಾಯನ ಕಾಲದ ಪಿಕಪ್ ಗಾಡಿಯ ಬಾಗಿಲಿನ ಮೇಲೆ, ಹಿಡಿಕೆಯ ಕೆಳಗೆ. ಗಾಡಿ ನಿಂತಿದ್ದದ್ದು ಕಿರಿಯ ಅಳಿಯನ ಮನೆ ಪಕ್ಕದ ಶೆಡ್ಡಿನಲ್ಲಿ. ಅಳಿಯ ಅಂಚೆ ಕಚೇರಿಯ ಗುಮಾಸ್ತ. ಆದರೆ ಸಂಜೆಯಾಯಿತೆಂದರೆ ಶೆಡ್ಡಿನಿಂದ ಠಣ್ ಠಣ್ ಶುರುವಾಗುತ್ತಿದ್ದುದರಿಂದ ಬೀದಿಯವರು ಅವನಿಗೆ ಸುತ್ತಿಗೆರಾಯ ಎಂದು ಹೆಸರಿಟ್ಟಿದ್ದರು. ಮಾವನ ಅಂಗಳದಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಗಾಡಿಯನ್ನು ತಂದು, ತುಕ್ಕು ತಿಂದ ತಗಡು ಕತ್ತರಿಸಿ ಹೊಸದು ಬೆಸೆದು, ಎಂಜಿನ್ ಬಿಚ್ಚಿ ಕಟ್ಟಿ, ಅವನು ಅದಕ್ಕೆ ಮತ್ತೆ ಜೀವ ಕೊಟ್ಟಿದ್ದ. ಬಣ್ಣ ಯಾವುದೆಂದು ಮಾವನೇ ಹೇಳಲಿ ಎಂದು ಬೂದು ಪ್ರೈಮರಿನಲ್ಲೇ ನಿಲ್ಲಿಸಿದ್ದ.

ಗಾಡಿ ಕೊಡುವಾಗ ಮಾವ ಹೇಳಿದ್ದು ಇಷ್ಟೇ: "ರಿಪೇರಿ ಮಾಡಿ. ನನ್ನ ಮನಸ್ಸಿಗೆ ಬಂದ್ರೆ ನಿಮಗೇ. ಇಲ್ದಿದ್ರೆ ದೊಡ್ಡ ಅಳಿಯಂದ್ರಿಗೆ."

ದೊಡ್ಡ ಅಳಿಯ, ಅಂದರೆ ಷಡ್ಡಕ, ಹೋಟೆಲಿನವನು. ಗಾಡಿಯನ್ನು ಹೋಟೆಲಿನ ಮುಂದೆ ನಿಲ್ಲಿಸಿ, ಅದರ ತುಂಬ ಮಣ್ಣು ಸುರಿದು ಹೂಬಳ್ಳಿ ಹಬ್ಬಿಸುವುದು ಅವನ ಆಸೆ. ಓಡುವ ಗಾಡಿಗೆ ಮಣ್ಣು! ನೆನೆದಾಗಲೆಲ್ಲ ಸುತ್ತಿಗೆರಾಯ ಇನ್ನೆರಡು ಏಟು ಜೋರಾಗಿ ಬಡಿಯುತ್ತಿದ್ದ.

ಮಾವ ನೋಡಲು ಬರುವ ದಿನ ಬಂತು. ಬೆಳಿಗ್ಗೆ ಎದ್ದವನೇ ಉಳಿದಿದ್ದ ಆ ನೆಗ್ಗಿಗೆ ಕೈ ಹಾಕಿದ. ಹೊರಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಒಳಗಿನಿಂದ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ. ಕಾಯಿಸಿದ, ಒದ್ದೆ ಬಟ್ಟೆ ಒತ್ತಿದ, ಅರ ಹಾಕಿ ಉಜ್ಜಿ ಪ್ರೈಮರ್ ಹೊಡೆದ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ನೆಗ್ಗು ಎಲ್ಲಿತ್ತೆಂದು ಅವನಿಗೇ ತಿಳಿಯಲಿಲ್ಲ. ಅಂಥ ಕೆಲಸ ಆ ಕೈಯಿಂದ ಹಿಂದೆಂದೂ ಆಗಿರಲಿಲ್ಲ. "ಭೇಷ್!" ಎಂದುಕೊಂಡ, ಹೇಳುವವರು ಬೇರೆ ಯಾರೂ ಇರಲಿಲ್ಲವಲ್ಲ.

ಕಾಫಿ ಹಿಡಿದು ಬಂದ ಹೆಂಡತಿ ಬಾಗಿಲು ನೋಡಿ ಲೋಟ ಬಿಟ್ಟಳು.

"ರೀ! ನೆಗ್ಗೆಲ್ಲಿ?"

"ತೆಗೆದೆ!" ಇಲ್ಲದ ಮೀಸೆ ತಿರುವಿದ.

"ಅಯ್ಯೋ, ಅದು ನಮ್ಮಮ್ಮಂದು ಕಣ್ರೀ! ಅಮ್ಮ ಗಾಡಿ ಕಲಿಯೋವಾಗ ಗೇಟಿನ ಕಂಬಕ್ಕೆ ತಗುಲಿಸಿದ್ದು. ಅಮ್ಮ ಹೋದಮೇಲೆ ಅಪ್ಪ ದಿನಾ ಅದರ ಮೇಲೆ ಕೈ ಇಟ್ಕೊಂಡು ಸುಮ್ಮನೆ ನಿಂತಿರ್ತಿದ್ರು. ಅವರಿಗೆ ಅದೊಂದೇ ನೆನಪು!"

"ಮೊದಲೇ ಹೇಳೋದಲ್ವೇನೇ?"

"ತೆಗೀತೀನಿ ಅಂತ ನೀವು ಹೇಳಿದ್ರಾ?"

ಅವಳ ಕೂಗಿಗೆ ಎದುರುಮನೆಯ ನಿವೃತ್ತ ಬಸ್ ಡ್ರೈವರು ಪೇಪರ್ ಸಮೇತ ಬಂದರು, ಪಕ್ಕದ ಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದರು. ಇಬ್ಬರನ್ನೂ ಕರೆಯುವ ಅಗತ್ಯ ಎಂದೂ ಬಿದ್ದಿದ್ದಿಲ್ಲ.

"ಇದಕ್ಯಾಕೆ ಅಳ್ತೀರಿ?" ಎಂದರು ಡ್ರೈವರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮತ್ತೆ ಹಾಕಿದ್ರಾಯ್ತು!"

ಟೈಲರಮ್ಮ ಸೀಮೆಸುಣ್ಣದಿಂದ ಬಾಗಿಲ ಮೇಲೆ ಗುಂಡಗೆ ಗುರುತು ಹಾಕಿದರು. "ಹೀಗಿತ್ತು."

"ಅದು ರವಿಕೆಯ ಕತ್ತಾಯ್ತಮ್ಮ. ನೆಗ್ಗು ಉದ್ದಕ್ಕಿತ್ತು."

"ನೋಡಿದೋಳು ನಾನು!"

"ನಾನೇನು ಕಣ್ಣು ಮುಚ್ಕೊಂಡು ಬಸ್ಸು ಓಡಿಸಿದ್ನಾ?"

ಅವರ ಜಗಳದ ನಡುವೆ ಸುತ್ತಿಗೆರಾಯ ಹಲ್ಲು ಕಚ್ಚಿ ಮರದ ಸುತ್ತಿಗೆ ಬೀಸಿದ. ತಗಡು ಒಳಗೆ ಹೋಯಿತು, ಟಪ್ ಎಂದು ಹೊರಗೆ ಬಂತು. ಮಂಡಿ ಕೊಟ್ಟು ಒತ್ತಿದ. ಒಳಗೆ ಹೋಯಿತು, ಟಪ್. ಹೊರಗೆ ಬಾ ಎಂದಾಗ ಬಾರದೆ ಸತಾಯಿಸಿದ್ದ ತಗಡು ಈಗ ಒಳಗೆ ಹೋಗು ಎಂದರೆ ಕೇಳದು.

"ಅಸಲು ನೆಗ್ಗು ಕಂಬದಿಂದ ಬಂದದ್ದು ತಾನೇ? ಇಲ್ಲೂ ಕಂಬ ಇದೆ," ಎಂದು ಡ್ರೈವರು ಗಾಡಿ ಹತ್ತಿಯೇಬಿಟ್ಟರು. "ಜೀವಮಾನ ಪೂರ್ತಿ ಸ್ಟಿಯರಿಂಗ್ ಹಿಡಿದೋನು. ಹೂವಿನ ಹಾಗೆ ತಾಗಿಸ್ತೀನಿ!"

ತಾಗಿಸಿದ್ದು ಬಸ್ಸಿನ ಲೆಕ್ಕದಲ್ಲಿ. ಹಿಂದಿನ ದೀಪ ಪುಡಿಯಾಯಿತು, ಗೇಟಿನ ಕಂಬ ಬುಡ ಸಡಿಲವಾಗಿ ವಾಲಿತು. ಸುತ್ತಿಗೆರಾಯ ತಲೆಯ ಮೇಲೆ ಕೈ ಹೊತ್ತು ಕೂತ. ಆದರೆ ಬಾಗಿಲಲ್ಲಿ, ಹಿಡಿಕೆಯ ಕೆಳಗೆ, ಅಂಗೈಯಗಲದ ನೆಗ್ಗು! ಹೆಂಡತಿ ಮುಟ್ಟಿ ನೋಡಿ, "ಇದೇ, ಇದೇ!" ಎಂದು ಕಣ್ಣೊರೆಸಿಕೊಂಡಳು. ತನ್ನ ಕೈಕೆಲಸ ಹಾಳಾದದ್ದಕ್ಕೆ ಅವನಿಗೆ ಸಂಕಟವಾಯಿತು. ಗಾಡಿ ಉಳಿಯಿತಲ್ಲ ಎಂದು ಸಂಕಟ ನುಂಗಿಕೊಂಡು, ಗೀರಿದ ಕಡೆ ಪ್ರೈಮರ್ ಹೊಡೆದ.

ಊಟದ ಹೊತ್ತಿಗೆ ಮಾವ ಬಂದರು. ಎಂಜಿನ್ ಸದ್ದು ಕೇಳಿ ತಲೆದೂಗಿದರು, ಗಾಡಿಯ ತಳದ ಬೆಸುಗೆ ಸವರಿ ನೋಡಿದರು. ಕೊನೆಗೆ ಬಾಗಿಲ ಹತ್ತಿರ ಬಂದು ನೆಗ್ಗಿನ ಮೇಲೆ ಅಂಗೈ ಇಟ್ಟರು. ಕಣ್ಣು ತುಂಬಿ ಬಂತು. ಡ್ರೈವರು ಸುತ್ತಿಗೆರಾಯನನ್ನು ಮೊಣಕೈಯಿಂದ ತಿವಿದರು: ಗೆದ್ರಿ!

"ನಿಮ್ಮತ್ತೆಗೆ ಈ ನೆಗ್ಗು ಕಂಡ್ರೆ ಆಗ್ತಿರ್ಲಿಲ್ಲ, ಅಳಿಯಂದ್ರೇ," ಎಂದರು ಮಾವ. "ಬೀದಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆವತ್ತಿಂದ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ. ಅದೊಂದು ತೆಗೆಸಿಬಿಡ್ರೀ ಅಂತಿದ್ಲು. ನಾಳೆ, ನಾಳೆ ಅಂತ ತಳ್ಳಿದೆ. ಅವಳೇ ಹೊರಟುಹೋದ್ಲು. ದಿನಾ ಇದರ ಮೇಲೆ ಕೈ ಇಟ್ಟು ತಪ್ಪಾಯ್ತು ಕಣೇ ಅಂತಿದ್ದೆ."

ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಬಾಯಿಬಿಟ್ಟು ಕೇಳೋಕೆ ನಾಚಿಕೆಯಾಯ್ತು. ಇಂಥ ಕೈ, ತಾನಾಗೇ ತೆಗೀತಾರೆ ಅಂದ್ಕೊಂಡೆ. ಎಲ್ಲಾ ಮಾಡಿ ಇದೊಂದನ್ನ ಬಿಟ್ರಲ್ಲ."

"ತೆಗೆದಿದ್ದೆ ಮಾವ! ಬೆಳಿಗ್ಗೆ ತೆಗೆದಿದ್ದೆ!"

"ಮತ್ತೆ ಇದೇನು?"

"ಆಮೇಲೆ... ಹಾಕಿದ್ವಿ."

ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ತೆಗೆದ ನೆಗ್ಗನ್ನ ಯಾರಾದ್ರೂ ಮತ್ತೆ ಹಾಕ್ತಾರೇನಪ್ಪಾ? ಸುಳ್ಳಿಗೂ ಒಂದು ಲಕ್ಷಣ ಬೇಡ್ವಾ?"

ಸುತ್ತಿಗೆರಾಯ ಸಾಕ್ಷಿಗಾಗಿ ತಿರುಗಿದ. ಡ್ರೈವರು ವಾಲಿದ ಕಂಬದ ಕಡೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದರು. ಟೈಲರಮ್ಮನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. "ನಿಜ ಅಪ್ಪ, ನಾನೇ ಹಾಕಿಸಿದ್ದು," ಎಂದಳು ಹೆಂಡತಿ. ಗಂಡನನ್ನು ಉಳಿಸಲು ಹೇಳುತ್ತಿದ್ದಾಳೆಂದು ಮಾವ ಅವಳ ತಲೆ ಸವರಿದರು.

"ಈಗಲೇ ತೆಗೀತೀನಿ," ಎಂದು ಅವನು ಸುತ್ತಿಗೆ ಎತ್ತಿ ಬಡಿದ. ಬೆಳಗಿನಿಂದ ಏಟು ತಿಂದು, ಬೆಂದು, ಗುದ್ದಿಸಿಕೊಂಡಿದ್ದ ತಗಡು ಚರ್ರನೆ ಸೀಳಿತು.

"ಸಾಕು ಬಿಡಿ," ಎಂದು ಮಾವ ಮೆಲ್ಲಗೆ ಸುತ್ತಿಗೆ ತೆಗೆದಿಟ್ಟರು. "ಹೂಬಳ್ಳಿ ಹಬ್ಬಿದ್ರೆ ಇದೂ ಮುಚ್ಕೊಳ್ಳತ್ತೆ."

ಗಾಡಿ ಹೊರಗೆ ಹೋಗಲು ದಾರಿಯಾಗಲೆಂದು ಸುತ್ತಿಗೆರಾಯನೇ ವಾಲಿದ ಕಂಬವನ್ನು ತಬ್ಬಿ ಹಿಡಿದ. ಮಾವ ಗಾಡಿಯನ್ನು ಹೋಟೆಲಿನ ಕಡೆಗೆ ಓಡಿಸಿಕೊಂಡು ಹೊರಟರು; ಎಂಜಿನ್ ಒಂದು ಸಲವೂ ಮುಗ್ಗರಿಸಲಿಲ್ಲ.

"ನಾನು ಸುಮ್ನಿರಬೇಕಿತ್ತು," ಎಂದಳು ಹೆಂಡತಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ.

ಅವನು ಕಂಬದ ಬುಡಕ್ಕೆ ಒಂದು ಕಲ್ಲು ಒತ್ತರಿಸಿದ. ಗಾಡಿ ಹೋದ ದುಃಖ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಅತ್ತೆಯವರ ಆಸೆ ಆ ಬೆಳಿಗ್ಗೆ, ಕಾಫಿ ಬರುವವರೆಗೆ, ನಿಜಕ್ಕೂ ನೆರವೇರಿತ್ತು. ನೋಡಬೇಕಾಗಿದ್ದ ಮಾವ ಒಬ್ಬರು ಮಾತ್ರ ಅದನ್ನು ನೋಡಲೇ ಇಲ್ಲ.