ಕಂಬದೊಳಗೆ ಹೋದ ಏಡಿ

ನಾನು ಮನೆ ವಯರಿಂಗ್ ಮಾಡುವವನು. ನನ್ನ ಪಾಡಿಗೆ ಗೋಡೆ ಕೊರೆದುಕೊಂಡು, ಸ್ವಿಚ್ಚು ಕೂರಿಸಿಕೊಂಡು ಇದ್ದುಬಿಡಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರಿಗೆ ಏನು ವಿಚಿತ್ರ ಬುದ್ಧಿ ಬಂದರೂ ಮೊದಲು ನೆನಪಾಗುವುದು ನನ್ನ ಮೊಬೈಲ್ ನಂಬರು. ಬ್ರಹ್ಮಾವರದಲ್ಲೊಬ್ಬರು ಕೋಳಿಗೂಡಿಗೆ ಕಾಲಿಂಗ್ ಬೆಲ್ ಹಾಕಿಸಿಕೊಂಡಿದ್ದಾರೆ. ಕೋಳಿಗಳೇನೂ ಒತ್ತುವುದಿಲ್ಲ, ಕಾಳು ಹಾಕುವ ಮೊದಲು ಅವರೇ ಒತ್ತುತ್ತಾರೆ. ಅದಕ್ಕೂ ನಾನೇ ಹೋಗಿದ್ದೆ. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು, ಗಂಗೊಳ್ಳಿಯ ಒಂದು ಹಾಯಿದೋಣಿ.

ಯಾವ ಕಂಬ?

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು.

“ಹ್ವಾಯ್, ಕಂಬದ್ ಒಳ್ಗಿನ್ ವಯರ್ ಬದ್ಲ್ ಮಾಡ್ಕಿತ್ತ್. ಬತ್ರ್ಯಾ?”

“ಕಂಬದ್ ವಯರ್ ನಾನ್ ಮುಟ್ಟುಕಿಲ್ಲೆ ಮಾರಾಯ್ರೆ. ಕರೆಂಟ್ ಆಫೀಸಿಗ್ ಹೇಳಿ, ಲೈನ್‌ಮ್ಯಾನ್ ಬತ್ರ್.”

“ಅವ್ರಿಗೂ ಹೇಳ್ದೆ. ಕಂಬದ್ ನಂಬ್ರ ಎಷ್ಟ್ ಕೇಂಡ್ರ್. ನಂಬ್ರ ಇಲ್ಲೆ ಅಂದೆ. ಕಂಬ ಎಲ್ಲಿತ್ತ್ ಕೇಂಡ್ರ್. ಈಗ ಅಂಗಳದಲ್ ಮಲ್ಗಿತ್ತ್, ಬಪ್ಪ ವಾರ ಹೊಳಿಗ್ ಹೋತ್ತ್ ಅಂದೆ. ಫೋನ್ ಇಟ್ಟೇಬಿಟ್ರ್.”

ಆಮೇಲೆ ವಿಷಯ ಬಿಡಿಸಿ ಹೇಳಿದರು. ಮುಂಬಯಿಯಲ್ಲಿ ಹೋಟೆಲು ನಡೆಸಿ, ಅದನ್ನು ಬೇರೆಯವರಿಗೆ ಒಪ್ಪಿಸಿ ಊರಿಗೆ ಬಂದವರು. ಗೋವಾದಲ್ಲಿ ಯಾರೋ ಮಾರುತ್ತಿದ್ದ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದಾರೆ. ಅದರ ಹಾಯಿಕಂಬ ಅಲ್ಯೂಮಿನಿಯಂದು, ಒಳಗೆ ಪೊಳ್ಳು. ತುದಿಯಲ್ಲೊಂದು ದೀಪ, ಆ ದೀಪಕ್ಕೆ ಹೋಗುವ ವಯರು ಕಂಬದ ಒಳಗೇ. ಉಪ್ಪುಗಾಳಿಗೆ ವಯರು ಪೂರ್ತಿ ಸತ್ತುಹೋಗಿದೆ.

“ಹಾಯಿಕಂಬ ಅಂತ ಮೊದ್ಲೇ ಹೇಳುಕಾಗ್ದಾ ಅಣ್ಣ?” ಎಂದೆ.

“ಹೇಳಿದ್ರೆ ನೀವೂ ಫೋನ್ ಇಡ್ತಿದ್ರಿ,” ಎಂದರು.

ಅರ್ಧ ಕೆಲಸ

ನಾನಿರುವ ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕೈಚಾಚಿದರೆ ಸಿಗುವಂತೆ ಕಾಣುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಹೊಳೆ ಬಳಸಿ ತ್ರಾಸಿಯವರೆಗೆ ಹೋಗಿ ಸುತ್ತಬೇಕು. ಸುತ್ತಿ, ಬೆವರಿ, ಅಲ್ಲಿ ತಲುಪುವಾಗ ಹೋಟೆಲಣ್ಣ ಅಂಗಳದಲ್ಲಿ ನಗುಮುಖದಿಂದ ನಿಂತಿದ್ದರು. ಕಂಬ ಎರಡು ಮರದ ಸ್ಟ್ಯಾಂಡುಗಳ ಮೇಲೆ ಉದ್ದಕ್ಕೆ ಮಲಗಿತ್ತು. ಪಕ್ಕದಲ್ಲಿ ಹಳೆಯ ವಯರನ್ನು ಜಿಲೇಬಿಯಂತೆ ಅಂದವಾಗಿ ಸುತ್ತಿಟ್ಟಿದ್ದರು.

“ಕಾಣಿ, ನಿಮ್ಗ್ ತ್ರಾಸ್ ಬ್ಯಾಡ ಅಂತ ಹಳಿ ವಯರ್ ಎಲ್ಲ ಎಳ್ದ್ ತೆಗ್ದೆ. ಅರ್ಧ ಕೆಲ್ಸ ಮುಗೀತ್.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಹಳೆಯ ವಯರಿನ ಬಾಲಕ್ಕೆ ಹೊಸ ವಯರು ಕಟ್ಟಿ ಎಳೆಯುವುದು ನಮ್ಮ ಕಸುಬಿನ ಅ ಆ ಇ ಈ. ಹಳೆಯದು ಹೊರಗೆ ಬರುತ್ತ ಹೊಸದನ್ನು ತಾನೇ ಒಳಗೆ ಕರೆದುಕೊಂಡು ಹೋಗುತ್ತದೆ. ಈಗ ಅದು ಹೋಗಿಯಾಗಿದೆ, ದಾರಿ ತೋರಿಸುವವರಿಲ್ಲ. ಮನೆಯ ಪೈಪುಗಳಲ್ಲಿ ತೂರಿಸುವ ನನ್ನ ಸ್ಪ್ರಿಂಗನ್ನು ಹಾಕಿ ನೋಡಿದೆ. ಕಂಬದೊಳಗೇ ಓಡುವ, ಹಾಯಿ ಏರಿಸುವ ಹಗ್ಗಗಳಿಗೆ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು.

ಜಗಲಿಯಲ್ಲಿ ಅವರ ತಾಯಿ ಕೂತಿದ್ದರು. ತುಂಬ ವಯಸ್ಸಾದ ಜೀವ. ಮುಂದೆ ಒಂದು ಬುಟ್ಟಿ ಜೀವಂತ ಏಡಿ. ಅವರ ಗಂಡ ಮಂಜಿಯ ತಂಡೇಲರಾಗಿದ್ದವರು. ಮಂಜಿ ಎಂದರೆ ಸರಕು ಹೊತ್ತು ಮುಂಬಯಿಗೆ ಹೋಗಿಬರುತ್ತಿದ್ದ ದೊಡ್ಡ ಹಾಯಿಹಡಗು, ತಂಡೇಲ ಎಂದರೆ ಅದನ್ನು ನಡೆಸುವ ಯಜಮಾನ. ನಾನು ಸಣ್ಣವನಿದ್ದಾಗ ಈ ಹೊಳೆಯಲ್ಲಿ ಅವು ಸಾಲಾಗಿ ನಿಂತಿರುತ್ತಿದ್ದವು. ಹಂಚು, ಎಣ್ಣೆ, ಒಣಮೀನು ಎಲ್ಲ ಸೇರಿ ಒಂದು ವಾಸನೆ ಬರುತ್ತಿತ್ತು. ಈಗ ಆ ಕಂಬದ ಬಾಯಿಗೆ ಕಣ್ಣಿಟ್ಟು ನೋಡುವಾಗ ಅದೇ ವಾಸನೆ ಬಂದಂತಾಯಿತು, ಬರಲು ಕಾರಣವೇ ಇಲ್ಲದಿದ್ದರೂ.

ಹೋಟೆಲಣ್ಣ ನನ್ನನ್ನು ಪಕ್ಕಕ್ಕೆ ಕರೆದರು. “ಅಪ್ಪಯ್ಯನ್ ಮಂಜಿ ಅಳಿವೆ ಹತ್ರ ಬಂದ್ ಕೂಡ್ಲೆ ಕಂಬದ್ ತುದಿಗ್ ಲಾಟೀನ್ ಏರಿಸ್ತಿದ್ರ್. ಅಮ್ಮ ಇಲ್ಲೇ ನಿಂತ್ ಕಾಂತಿದ್ಲ್. ಈಗ ಅವ್ಳ್ ಕಣ್ಣ್ ದಿನಾ ಮಂಜಾತಾ ಇತ್ತ್, ಇನ್ನ್ ಸರಿ ಆಪುದಲ್ಲ ಅಂದ್ರ್ ಡಾಕ್ಟ್ರ್. ಪೂರ್ತಿ ಹೋಪುದ್ರೊಳ್ಗೆ ಒಂದ್ಸಲ ಕಂಬದ್ ಮೇಲ್ ದೀಪ ಕಾಣ್ಸ್ಕ್. ಅದ್ಕೇ ಈ ದೋಣಿ.”

ಇಷ್ಟು ಕೇಳಿದ ಮೇಲೆ ಬಯ್ಯುವುದು ಹೇಗೆ? “ಅರ್ಧ ಕೆಲ್ಸ ಮುಗ್ಸಿದ್ರಿ ಅಣ್ಣ, ಹೌದ್,” ಎಂದೆ. “ಉಳ್ದದ್ ಎರಡ್ ಪಾಲ್ ಮಾತ್ರ.”

ಬಿಲದ ಶಾಸ್ತ್ರ

ಏಡಿಯ ಬುಟ್ಟಿ ನೋಡಿ ಉಪಾಯ ಹೊಳೆದದ್ದು ಹೋಟೆಲಣ್ಣನಿಗೆ. ಏಡಿ ಬಿಲ ಹುಡುಕುವ ಪ್ರಾಣಿ. ಬೆನ್ನಿಗೆ ನೂಲು ಕಟ್ಟಿ ಕಂಬದ ಈ ತುದಿಯಲ್ಲಿ ಬಿಟ್ಟರೆ ಆ ತುದಿಯಲ್ಲಿ ನೂಲು ಸಮೇತ ಹೊರಬರುತ್ತದೆ ಎಂದರು. ನಾನು ನಕ್ಕೆ. ಆದರೆ ನನ್ನ ಬಳಿ ಬೇರೆ ಉಪಾಯವೂ ಇರಲಿಲ್ಲ.

ತಾಯಿ ಬುಟ್ಟಿಯ ಮೇಲೆ ಕೈಯಿಟ್ಟರು. “ಕೆಲ್ಸ ಆದ್ ಮೇಲ್ ವಾಪಸ್ ಕೊಡ್ಕ್. ಪದಾರ್ಥಕ್ಕ್ ತಂದದ್ ಅದ್.”

ಸಾರಿಗೆ ತಂದ ಏಡಿಯನ್ನು ಸಾರಿಗೇ ವಾಪಸು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಇದ್ದುದರಲ್ಲಿ ಚುರುಕಾದದ್ದನ್ನೇ ಆರಿಸಿ, ನೂಲು ಕಟ್ಟಿ ಬಿಟ್ಟೆವು. ಸರಸರನೆ ಒಳಗೆ ಹೋಯಿತು. ಹೋಟೆಲಣ್ಣ ಆ ತುದಿಯಲ್ಲಿ ಬೂತಾಯಿ ಮೀನಿನ ತುಂಡು ಹಿಡಿದು, ಗಿರಾಕಿಯನ್ನು ಕರೆಯುವಂತೆ “ಬಾ, ಬಾ” ಎನ್ನುತ್ತಿದ್ದರು. ನೂಲು ಅರ್ಧ ಉದ್ದಕ್ಕೆ ಹೋಗಿ ನಿಂತಿತು. ಕಾದೆವು. ಚಹಾ ಕುಡಿದೆವು. ಮತ್ತೆ ಕಾದೆವು. ಬಿಲದೊಳಗೆ ಹೋಗುವುದು ಏಡಿಗೆ ಗೊತ್ತು. ಇನ್ನೊಂದು ತುದಿಯಿಂದ ಹೊರಬರುವ ಪದ್ಧತಿ ಅದರ ವಂಶದಲ್ಲೇ ಇಲ್ಲವೆಂದು ನಮಗೆ ಗೊತ್ತಾದದ್ದು ಆಮೇಲೆ.

ಕೊನೆಗೆ ನೂಲು ಹಿಂದಕ್ಕೆಳೆದೆ. ಹಗುರವಾಗಿ ಬಂತು. ನೂಲಷ್ಟೇ ಬಂತು, ತುದಿ ಕತ್ತರಿಸಿಹೋಗಿತ್ತು.

“ಅದ್ ಹುಟ್ಟುವತಿಗೇ ಕತ್ರಿ ಹಿಡ್ಕಂಡ್ ಬತ್ತ್ ಮಗಾ,” ಎಂದರು ತಾಯಿ. “ನೂಲ್ ಕಟ್ಟುವತಿಗ್ ನಿಮ್ಗ್ ಕಂಡಿಲ್ಯಾ?”

ಟವರು

ಮರುದಿನ ನಾನು ಬಲೆಗೆ ಕಟ್ಟುವ ಸೀಸದ ಮಣಿ ಒಂದನ್ನು ಜೇಬಿಗೆ ಹಾಕಿಕೊಂಡು ಹೋದೆ. ಮಲಗಿದ್ದಾಗ ಹೋಗದ ದಾರ, ಕಂಬ ನಿಂತರೆ ಭಾರಕ್ಕೆ ತಾನೇ ಇಳಿಯಬೇಕು. ನಾಲ್ಕು ಜನ ಸೇರಿ ಕಂಬವನ್ನೆತ್ತಿ ಅಂಗಳದ ತೆಂಗಿನಮರಕ್ಕೆ ಒರಗಿಸಿ ಕಟ್ಟಿದೆವು. ನಾನು ಏಣಿ ಹತ್ತಿ ತುದಿಯಿಂದ ಮಣಿ ಕಟ್ಟಿದ ದಾರ ಇಳಿಸತೊಡಗಿದೆ.

ಅಷ್ಟರಲ್ಲಿ ಕೇರಿಯಲ್ಲಿ ಸುದ್ದಿ ಹಬ್ಬಿತು. ಮೊದಲು ಬಂದ ಹೆಂಗಸು ಕೆಳಗೆ ನಿಂತು, “ಇಲ್ಲ್ ಟವರ್ ಹಾಕ್ಬೇಡಿ, ಮಕ್ಳಿಗ್ ತಲಿನೋವ್ ಬತ್ತ್,” ಎಂದರು. ಹಿಂದೆಯೇ ಬಂದ ಗಂಡಸರೊಬ್ಬರು, “ಹಾಕಿ ಹಾಕಿ, ನಮ್ಮನಿ ಬದಿಗ್ ಚೂರ್ ತಿರ್ಗ್ಸಿ, ಸಿಗ್ನಲ್ಲೇ ಇಲ್ಲೆ,” ಎಂದರು. ಇಬ್ಬರಿಗೂ ಜಗಳ ಹತ್ತಿತು. ಇದು ದೋಣಿಯ ಕಂಬ ಎಂದು ನಾನು ಏಣಿಯಿಂದಲೇ ಕೂಗಿ ಹೇಳಿದೆ. ಮಣಿ ಟಣ್ ಎಂದು ಕೆಳಗೆ ಬಿತ್ತು, ದಾರ ಸಿಕ್ಕಿತು, ವಯರು ಎಳೆದದ್ದೂ ಆಯಿತು. ಹೊರಡುವಾಗ ಆ ಗಂಡಸರು ಮೊಬೈಲನ್ನು ಮೇಲೆತ್ತಿ ನೋಡಿ, “ಈಗ್ಲೇ ಒಂದ್ ಗೆರಿ ಜಾಸ್ತಿ ಆಯ್ತ್ ಕಾಣಿ,” ಎಂದು ಸಂತೋಷದಿಂದ ಹೋದರು.

ಏಡಿ ಮಾತ್ರ ಬೀಳಲಿಲ್ಲ.

ದೀಪ

ಮುಂದಿನ ವಾರ ಕಂಬವನ್ನು ದೋಣಿಗೆ ಏರಿಸಿದ ಮೇಲೆ ಗಾಳಿ ಬಂದಾಗೆಲ್ಲ ಒಳಗೆ ಟಕ್ ಟಕ್ ಎಂದು ಸದ್ದು. ವಯರು ಕಂಬಕ್ಕೆ ಬಡಿಯುವುದು ಎಂದೆ. ಹೋಟೆಲಣ್ಣ ಒಪ್ಪಲಿಲ್ಲ. “ಏಡಿಯೇ ಅದ್. ಸತ್ತಿರ್ತಿದ್ರೆ ನಾತ ಬತ್ತಿತ್ತಲ್ದಾ? ನಾತ ಇಲ್ಲೆ, ಹಾಂಗಾಗಿ ಜೀವ ಇತ್ತ್.”

ಅಂದು ಸಂಜೆ ಅವರು ದೋಣಿಯನ್ನು ಹೊಳೆಯ ನಡುವೆ ನಿಲ್ಲಿಸಿದರು. ನಾನು ತಾಯಿಯ ಕೈ ಹಿಡಿದು ದಡದಲ್ಲಿ ನಿಂತೆ. ದೋಣಿ ಕಾಣುತ್ತದೆಯೇ ಎಂದು ಕೇಳಿದೆ. “ಇಲ್ಲೆ, ಎಲ್ಲ ಹೊಗಿ ಹೊಗಿ,” ಎಂದರು. ನನಗೆ ಹೆದರಿಕೆಯಾಯಿತು. ದೀಪ ಹೊತ್ತಿಯೂ ಇವರಿಗೆ ಕಾಣದೆ ಹೋದರೆ ಆ ಮಗನಿಗೆ ಏನು ಹೇಳುವುದು?

ದೀಪ ಹೊತ್ತಿತು. ತಾಯಿ ಕತ್ತೆತ್ತಿದರು. ಆಮೇಲೆ ನನ್ನ ಕೈ ಬಿಡಿಸಿಕೊಂಡು, ತಿರುಗಿ, ಮನೆಯ ಕಡೆ ಹೆಜ್ಜೆ ಹಾಕಿದರು.

ದೋಣಿಯಿಂದ ಮಗ ಕೂಗಿದರು. “ಅಮ್ಮ, ಕಂಡ್ಯಾ?”

ನಾನು ಹಿಂದೆ ಓಡಿದೆ. “ಎಂತ ಅಮ್ಮ, ಕಂಡಿಲ್ಯಾ? ಎಲ್ಲ್ ಹೋತ್ರಿ?”

“ಕಂಡೆ ಮಗಾ. ದೀಪ ಕಂಡ್ಮೇಲ್ ನಿಂತ್ಕಂಡ್ರೆ ಆತ್ತಾ? ಅಕ್ಕಿ ಹಾಕ್ಕ್. ಅವ್ರ್ ದಡಕ್ಕ್ ಬಪ್ಪತಿಗ್ ಗಂಜಿ ಬೆಂದಿರ್ಕ್.”

ಅವರ ಕಣ್ಣಿಗೆ ಯಾವ ಹಡಗು ಕಂಡಿತೋ, ಯಾರು ಬರುತ್ತಿದ್ದರೋ, ಕೇಳುವ ಧೈರ್ಯವಾಗಲಿಲ್ಲ. ಅವರ ಪಕ್ಕದಲ್ಲಿ ನಡೆದೆ. ಹೊಸ್ತಿಲು ದಾಟುವಾಗ ಅವರು ನಿಂತು ಹಿಂತಿರುಗಿದರು.

“ಅವ್ನಿಗ್ ಕೂಗಿ ಹೇಳ್. ಅಕ್ಕಿ ಹಾಕ್ತೆ. ಪದಾರ್ಥಕ್ಕ್ ನನ್ ಏಡಿ ಇಳ್ಸ್‌ಕಂಡ್ ಬಪ್ಪುಕ್ ಹೇಳ್.”