ಅತ್ತೆಯ ಹಲ್ಲು, ಪುಂಡನ ತಿಂಡಿ

"ಹಲ್ಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳೋಷ್ಟು ಹಲ್ಲು ಈ ಲೋಕದಲ್ಲಿ ಇನ್ನೂ ಯಾರಿಗೂ ಬಂದಿಲ್ಲ!" ಎಂದು ದಂತರಾಯರು ಘೋಷಿಸಿದಾಗ, ಅವರ ಹೆಂಡತಿ ತನ್ನ ಎಡಗಾಲಿನ ಚಪ್ಪಲಿಯ ಎರಡು ತುಂಡುಗಳನ್ನು ಜೋಡಿಸಿ ನೋಡುತ್ತಿದ್ದಳು.

ದಂತರಾಯರು ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವರು ಹಲ್ಲಿನ ಸೆಟ್ಟು ತಯಾರಿಸುತ್ತಾರೆ. ಸುತ್ತಮುತ್ತಲಿನ ಮುದುಕರ ನಗುವಿನಲ್ಲಿ ಮುಕ್ಕಾಲು ಪಾಲು ಅವರದೇ ಕೈಕೆಲಸ! ಇಂಥ ಮನೆಗೆ ಪುಂಡನೆಂಬ ನಾಯಿಮರಿ ಬಂದು, ಕುರ್ಚಿಯ ಕಾಲು, ಪೊರಕೆಯ ಹಿಡಿ ಮುಗಿಸಿ, ಈಗ ಚಪ್ಪಲಿಗೆ ಇಳಿದಿದ್ದ. ಅವನಿಗೆ ಅಗಿಯಲು ಏನಾದರೂ ತನ್ನಿ ಎಂದಷ್ಟೇ ಹೆಂಡತಿ ಕೇಳಿದ್ದು.

"ಪಶುವೈದ್ಯೆ ಹೇಳಿದಾರಲ್ಲ ರೀ. ಉಗುರಲ್ಲಿ ಒತ್ತಿದರೆ ತಗ್ಗು ಬೀಳಬೇಕು, ಅಷ್ಟು ಮೆತ್ತಗಿರಬೇಕು. ಗುಳುಂ ಅಂತ ನುಂಗೋ ಹಾಗಿರಬಾರದು. ಅಂಥದ್ದೊಂದು ತಂದು ಕೊಟ್ಟರೆ ಮುಗೀತು."

"ಉಗುರಂತೆ! ಅಗಿಯೋದು ಹಲ್ಲು ಕಣೇ. ಪರೀಕ್ಷೆ ಹಲ್ಲಿನಿಂದಲೇ ನಡೀಬೇಕು."

"ಯಾರ ಹಲ್ಲಿನಿಂದ?"

ಈ ಪ್ರಶ್ನೆಗೆ ಅವರು ನೆಟ್ಟಗೆ ಉತ್ತರ ಹುಡುಕಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ಅವತ್ತು ಸಂಜೆ ಅತ್ತೆ ಬರುವವರಿದ್ದರು. ಅತ್ತೆ ಎಂದರೆ ಹೆಂಡತಿಯ ತಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ದಂತರಾಯರ ಕೆಲಸಕ್ಕೆ ಇದುವರೆಗೆ ಪಾಸ್ ಮಾರ್ಕು ಕೊಡದ ಏಕೈಕ ಪರೀಕ್ಷಕಿ. ಅಳಿಯ ಮಾಡಿಕೊಟ್ಟ ಸೆಟ್ಟುಗಳೆಲ್ಲ ಬಲಗಡೆ ಹಿಂದಿನ ಮೂಲೆಯಲ್ಲಿ ಚುಚ್ಚುತ್ತವೆ ಎಂಬುದು ಅವರ ದೂರು. "ಸೆಟ್ಟು ಸರಿಯಾಗೇ ಇದೆ ಅತ್ತೆ, ನಿಮ್ಮ ವಸಡೇ ಸ್ವಲ್ಪ ತಪ್ಪಾಗಿದೆ" ಎಂಬುದು ಇವರ ಸಮಜಾಯಿಷಿ. ಕೊನೆಗೆ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಇದು ಕೊನೇ ಅವಕಾಶ ಅಳಿಯಂದ್ರೇ. ಹೊಸ ಸೆಟ್ಟೂ ಚುಚ್ಚಿತೋ, ಎದುರು ಅಂಗಡಿಯವನ ಹತ್ತಿರ ಹೋಗ್ತೀನಿ."

ಎದುರು ಅಂಗಡಿಯವನು! ಸ್ವಂತ ಅತ್ತೆ ಅಳಿಯನ ಕಣ್ಣೆದುರೇ ರಸ್ತೆ ದಾಟಿ, ಎದುರಾಳಿಯ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವುದೆಂದರೆ! ಅದಕ್ಕಿಂತ ಅಂಗಡಿಗೆ ಬೀಗ ಜಡಿದು, ಬೀಗದಕೈಯನ್ನು ಅವನಿಗೇ ಕೊಟ್ಟು ಬರುವುದು ವಾಸಿ. ಹಾಗಾಗಿ ದಂತರಾಯರು ಹೊಸ ಸೆಟ್ಟನ್ನು ಮುತ್ತಿನಂತೆ ಹೊಳೆಯಿಸಿ, ದವಡೆಯ ಹಾಗೆ ತೆರೆದು ಮುಚ್ಚುವ ಕಬ್ಬಿಣದ ಕೀಲಿನ ಮೇಲೆ ಕೂರಿಸಿಟ್ಟಿದ್ದರು.

ಪರೀಕ್ಷೆಗೆ ಹಲ್ಲು ಬೇಕಿತ್ತು. ಮೇಜಿನ ಮೇಲೆ ಹಲ್ಲು ಇತ್ತು.

ನಾಯಿ ತಿನಿಸಿನ ಅಂಗಡಿಯಿಂದ ಒಂದು ಚೀಲ ಸಂಶೋಧನಾ ಸಾಮಗ್ರಿ ಬಂತು. ದಂತರಾಯರು ಕನ್ನಡಕ ಏರಿಸಿ ಪೀಠಸ್ಥರಾದರು. ಚರ್ಮ ಸುತ್ತಿದ ಎಲುಬು ಅತ್ತೆಯ ಹಲ್ಲಿನ ನಡುವೆ ಹೋಯಿತು. ಕಟಕ್! "ಅತಿ ಕಠಿಣ. ತಿರಸ್ಕೃತ!" ಒಣಗಿಸಿದ ಕೋಳಿಮಾಂಸದ ಪಟ್ಟಿ ಹಲ್ಲುಸಂದಿಯಲ್ಲಿ ಕೂತು ಬರಲೊಲ್ಲೆ ಎಂದಿತು. "ಜಿಗುಟು. ತಿರಸ್ಕೃತ!" ಕುರಿಯ ಕೊಬ್ಬಿನ ಬಿಸ್ಕತ್ತು ಪುಡಿಯಾಗಿ ಗಡ್ಡಕ್ಕೆ ಸಿಡಿಯಿತು. ರಬ್ಬರ್ ಎಲುಬು ಕೀಚ್ ಎಂದು ಕೂಗಿದ್ದಕ್ಕೆ ಪರೀಕ್ಷಕರೇ ಬೆಚ್ಚಿ ಕುರ್ಚಿಯಿಂದ ಎದ್ದರು. ಮೇಜಿನಡಿಯಲ್ಲಿ ಪುಂಡ ಜೊಲ್ಲಿನ ಕೆರೆ ಕಟ್ಟಿಕೊಂಡು ಕೂತಿದ್ದ.

ಹೆಂಡತಿ ಬಾಗಿಲಲ್ಲಿ ನಿಂತಳು. "ರೀ! ಅದು ಅಮ್ಮನ ಸೆಟ್ಟಲ್ವಾ?"

"ವಿಜ್ಞಾನಕ್ಕೆ ಅತ್ತೆ, ಮಾವ ಅನ್ನೋ ಭೇದ ಇಲ್ಲ. ತೊಳೆದರೆ ಹೋಗುತ್ತೆ."

"ಹಾಗಾದರೆ ಈಗಲೇ ತೊಳೀರಿ."

"ಮೊದಲು ಫಲಿತಾಂಶ!" ಕೊನೆಗೆ ಪಾಸಾದದ್ದು ಗೆಣಸಿನ ಒಂದು ಸಪ್ಪೆ ಕಡ್ಡಿ. ದಂತರಾಯರು ಸೆಟ್ಟನ್ನು ತೊಳೆಯಲೆಂದು ಕೀಲಿನಿಂದ ಬಿಡಿಸಿ ಮೇಜಿನಂಚಿಗೆ ಇಟ್ಟು, ಕಡ್ಡಿಯನ್ನು ಪದಕ ಪ್ರದಾನ ಮಾಡುವವರ ಗತ್ತಿನಲ್ಲಿ ಪುಂಡನ ಮುಂದೆ ಹಿಡಿದರು. ಪುಂಡ ಮೂಸಿದ. ಮುಖ ತಿರುಗಿಸಿದ. ಎಲುಬು, ಕೋಳಿ, ಕುರಿ ಎಲ್ಲದರ ಘಮವೂ ಒಂದೇ ಕಡೆ ಸೇರಿದ್ದ ವಸ್ತು ಅಲ್ಲೇ ಮೇಜಿನಂಚಿನಲ್ಲಿತ್ತು. ಒಂದೇ ನೆಗೆತ! ಅತ್ತೆಯ ಮೇಲ್ದವಡೆಯೊಂದಿಗೆ ಅವನು ಮಂಚದಡಿ ಸೇರಿದ.



"ಬಿಡೋ, ಅದು ನಿಮ್ಮಜ್ಜೀದು ಕಣೋ!" ಎಂದು ಹೆಂಡತಿ ಅಂಗಲಾಚಿದಳು. ದಂತರಾಯರು ಹೊಟ್ಟೆಯ ಮೇಲೆ ಮಲಗಿ, ಚೀಲದ ತಿನಿಸುಗಳನ್ನೆಲ್ಲ ಒಂದೊಂದಾಗಿ ಮಂಚದಡಿಗೆ ತಳ್ಳಿದರು. ತಿರಸ್ಕರಿಸುವ ಸರದಿ ಈಗ ಪುಂಡನದು. ಕರಕರ ಸದ್ದು ನಿಲ್ಲಲಿಲ್ಲ. ಕೊನೆಗೆ ಹೆಂಡತಿ ನಿಟ್ಟುಸಿರು ಬಿಟ್ಟು, ಉಳಿದಿದ್ದ ಬಲಗಾಲಿನ ಚಪ್ಪಲಿಯನ್ನೂ ತ್ಯಾಗ ಮಾಡಿದಳು. ಪುಂಡ ಸೆಟ್ಟು ಬಿಟ್ಟು ಚಪ್ಪಲಿ ಹಿಡಿದ.

ಹಲ್ಲೊಂದೂ ಅಲುಗಿರಲಿಲ್ಲ. ಆದರೆ ಬಲಗಡೆ ಹಿಂದಿನ ಗುಲಾಬಿ ವಸಡಿನ ಮೂಲೆ ಮಾಯವಾಗಿತ್ತು! ದಂತರಾಯರು ಅದನ್ನು ತಿಕ್ಕಿ ತೊಳೆದು, ಔಷಧಿಯ ನೀರಲ್ಲಿ ನೆನೆಸಿ, ಒರಟು ಅಂಚನ್ನು ಪಾಲಿಶ್ ಚಕ್ರಕ್ಕೆ ಹಿಡಿದು ನಯ ಮಾಡಿದರು.

"ಅಮ್ಮನಿಗೆ ನಿಜ ಹೇಳಿಬಿಡಿ."

"ಹೇಳ್ತೀನಿ. ಹೇಳಿ, ನಾನೇ ಕೈಹಿಡಿದು ರಸ್ತೆ ದಾಟಿಸಿ ಬರ್ತೀನಿ" ಎಂದರು ದಂತರಾಯರು, ಹೋದ ಜೀವದ ದನಿಯಲ್ಲಿ.

ಅತ್ತೆ ಬಂದರು. ತಟ್ಟೆಯಲ್ಲಿ ಸೆಟ್ಟು ಮಿನುಗುತ್ತಿತ್ತು. "ಅತ್ತೆ, ಹಾಕ್ಕೊಳ್ಳೋ ಮೊದಲು ಒಂದು ಸಣ್ಣ ವಿಷಯ..." ಎನ್ನುವಷ್ಟರಲ್ಲಿ ಅದು ಅವರ ಬಾಯಿ ಸೇರಿಯಾಗಿತ್ತು. ಅತ್ತೆ ಕಚ್ಚಿದರು. ದವಡೆಯನ್ನು ಆಚೆ ಈಚೆ ಹೊರಳಿಸಿದರು. ಕಣ್ಣು ಕಿರಿದಾಯಿತು.

"ಅಳಿಯಂದ್ರೇ."

"ಅತ್ತೆ?"

"ಚುಚ್ತಾ ಇಲ್ಲ!"

ದಂತರಾಯರು ಗೋಡೆ ಹಿಡಿದುಕೊಂಡರು.

"ಆ ಮೂಲೆ ತೀಡಿ ಅಂತ ಬಾಯಿಬಾಯಿ ಬಡ್ಕೊಂಡೆ. ನೀವು ನನ್ನ ವಸಡಿಗೇ ತಪ್ಪು ಹೊರಿಸಿದ್ರಿ. ಎಷ್ಟು ಅಳತೆಯಾಗಿ ತೆಗೆದಿದಾರೆ ನೋಡಿ! ಇದು ಖಂಡಿತ ನಿಮ್ಮ ಕೈಕೆಲಸ ಅಲ್ಲ. ಯಾರು ಮಾಡಿದ್ದು?"

ನಿಜ ಹೇಳಲೆಂದು ದಂತರಾಯರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸೆರಗಿನಲ್ಲಿ ನಗು ಒತ್ತಿಕೊಂಡು ಹೇಳಿದಳು: "ಹೊಸಬ ಅಮ್ಮ. ಇನ್ನೂ ಕಲೀತಿದಾನೆ."

"ಅವನು ಕಲಿಯೋದೇನು? ಇವರು ಅವನ ಹತ್ತಿರ ಕಲೀಲಿ!" ಎಂದರು ಅತ್ತೆ. ಹೊಸಬ ಅವರ ಕಾಲಬುಡದಲ್ಲೇ ಕೂತು, ಅವರ ಬಾಯನ್ನೇ ನೋಡುತ್ತ ಬಾಲ ಅಲ್ಲಾಡಿಸುತ್ತಿದ್ದ. "ಈ ಮನೇಲಿ ನನ್ನ ಮುಖವನ್ನ ಪ್ರೀತಿಯಿಂದ ನೋಡೋನು ಇವನೊಬ್ಬನೇ" ಎಂದು ಅತ್ತೆ ಅವನ ತಲೆ ಸವರಿದರು.

ಸುದ್ದಿ ಹರಡಲು ಅತ್ತೆಯ ಬಾಯಿಯೇ ಜಾಹೀರಾತು. ಎದುರು ಅಂಗಡಿಯ ಗಿರಾಕಿಗಳೂ ರಸ್ತೆ ದಾಟಿ ಬರತೊಡಗಿದರು. ಮೊನ್ನೆ ಬಂದ ಅತ್ತೆಯ ಗೆಳತಿ, ದಂತರಾಯರು ಅರ ಕೈಗೆತ್ತಿಕೊಂಡದ್ದೇ ತಡ, ಅವರ ಕೈಹಿಡಿದು ತಡೆದರು.

"ನೀವು ಅಚ್ಚು ತೆಗೀರಿ, ಸಾಕು. ತೀಡೋ ಕೆಲಸ ಆ ಹುಡುಗನಿಗೇ ಬಿಡಿ. ಎಲ್ಲಿ ಅವನು?"

"ಒಳಗೆ ಕೆಲಸದಲ್ಲಿದಾನೆ" ಎಂದಳು ಹೆಂಡತಿ.

ಒಳಗಿನಿಂದ ದಂತರಾಯರ ಹೊಸ ಚಪ್ಪಲಿ ಅಗಿಯುವ ಸದ್ದು ಹದವಾಗಿ ಕೇಳಿಬರುತ್ತಿತ್ತು.